ರಣಹದ್ದಿನ ಮೂರನೆಯ ಅರ್ಥ

ನಿಘಂಟು ಕಚೇರಿ, ಮೂರನೆಯ ಮಹಡಿ
ಜನವರಿ 9

ಅಪ್ಪನವರಿಗೆ,

ಕಚೇರಿಯ ಕೆಲಸಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಬೇರೇನನ್ನೂ ಊಹಿಸಿಕೊಳ್ಳಬೇಡಿ.

ನಮ್ಮ ನಿಘಂಟಿನ ಹೊಸ ಸಂಪುಟದಲ್ಲಿ ರಕಾರದ ಪದಗಳು ನನ್ನ ಪಾಲಿಗೆ ಬಂದಿವೆ. ರಣಕಹಳೆ, ರಣರಂಗ ಎಲ್ಲ ದಾಟಿ ಮೊನ್ನೆ ರಣಹದ್ದಿಗೆ ಬಂದು ನಿಂತಿದ್ದೇನೆ. ಪ್ರತಿ ಪದಕ್ಕೂ ಅದರ ಮೂಲ ಬೇಕು, ಅರ್ಥ ಬೇಕು. ಒಂದೊಂದು ಅರ್ಥಕ್ಕೂ ಜನ ಅದನ್ನು ಹಾಗೆ ಬಳಸಿದ್ದಾರೆ ಎನ್ನುವುದಕ್ಕೆ ಆಧಾರ ಬೇಕು. ಆಧಾರವಿಲ್ಲದ ಅರ್ಥವನ್ನು ನಮ್ಮ ಸಂಪಾದಕರು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತಾರೆ. ಅವರನ್ನು ನಾವೆಲ್ಲ ದೊಡ್ಡವರು ಎನ್ನುತ್ತೇವೆ.

ಆ ಹೆಸರನ್ನು ಬೆನ್ನಿಗೆ ಅಂಟಿಸಿಕೊಂಡು ಬದುಕಿದವರು ನನಗೆ ಗೊತ್ತಿರುವಂತೆ ನೀವೊಬ್ಬರೇ. ನಿಮ್ಮನ್ನು ಹದ್ದು ಎಂದು ಮೊದಲು ಕರೆದವರು ಯಾರು, ಯಾವಾಗ, ಯಾಕೆ, ತಿಳಿಸಿದರೆ ಉಪಕಾರವಾಗುತ್ತದೆ.

ಫೋನ್ ಮಾಡಬಹುದಿತ್ತು. ಆದರೆ ಆ ಫೋನು ಬಡಿದುಕೊಂಡರೆ ಯಾರೋ ಸತ್ತಿದ್ದಾರೆ ಎಂದೇ ನೀವು ಎತ್ತುತ್ತೀರಿ. ‘ವಿಳಾಸ ಹೇಳಿ’ ಎನ್ನುವ ಆ ದನಿ ನನಗೆ ಬೇಕಾಗಿಲ್ಲ.

ಇಂತಿ,
ನಿಘಂಟು ಸಹಾಯಕಿ


ಜನವರಿ 20

ಮರಿ,

ಎರಡು ವರ್ಷದ ಮೇಲೆ ಮಗಳ ಕಾಗದ ಬಂತು ಎಂದು ಅಂಚೆಯವನ ಕೈಯಿಂದ ಕಿತ್ತುಕೊಂಡು ಓದಿದರೆ ಒಳಗೆ ‘ಅಪ್ಪನವರಿಗೆ’! ನಾನು ಯಾವಾಗ ನಿನಗೆ ‘ನೀವು’ ಆದೆ? ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಬೇರೆ ಯಾರ ಅಪ್ಪನಿಗೋ ಬಂದದ್ದಿರಬೇಕು ಎಂದು. ಅಕ್ಷರ ನಿನ್ನದೇ. ‘ರ’ ಬರೆಯುವಾಗ ಬಾಲ ಎಳೆಯುವ ಚಟ ಇನ್ನೂ ಬಿಟ್ಟಿಲ್ಲ.

ನಿನ್ನ ಕಚೇರಿಗೆ ಏನೇನು ಬೇಕೋ ನೋಡೋಣ. ಹಕ್ಕಿ ಗೊತ್ತು, ನಮ್ಮ ಬೀದಿಯಲ್ಲಿ ರಣಹದ್ದನ್ನು ಬರೀ ಹದ್ದು ಎನ್ನುತ್ತೇವೆ. ಕಿಟಕಿ ತೆಗೆದರೆ ಎದುರಿಗೇ, ಚರ್ಮದ ಕಾರ್ಖಾನೆಯ ಹಿಂದಿನ ನೀರಿನ ಟ್ಯಾಂಕಿನ ಮೇಲೆ ಕೂತಿರುತ್ತವೆ. ಮೊದಲಿನಷ್ಟಿಲ್ಲ. ಬೆಳಗಿನ ಬಿಸಿಲು ಟ್ಯಾಂಕಿಗೆ ಬಿದ್ದ ಕೂಡಲೇ ರೆಕ್ಕೆ ಅಗಲಿಸಿ ಸುಮ್ಮನೆ ನಿಲ್ಲುತ್ತವೆ. ಏನನ್ನೂ ಬೇಟೆಯಾಡುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಅವಕ್ಕೆ ಗೊತ್ತಿರುವ ಕಸುಬು ಕಾಯುವುದೊಂದೇ. ಹೆಸರಿನ ಮೂಲ ಕೇಳಿದರೆ ನನ್ನ ಲೆಕ್ಕದಲ್ಲಿ ‘ಹದವಾಗಿ ಹಾರುವುದು’ ಹದ್ದು. ನಿಮ್ಮ ದೊಡ್ಡವರಿಗೆ ಹೇಳು, ಒಪ್ಪಿದರೆ ನನ್ನ ಹೆಸರನ್ನೂ ಪುಸ್ತಕದಲ್ಲಿ ಹಾಕಲಿ.

ನನ್ನನ್ನು ಮೊದಲು ಹಾಗೆ ಕರೆದದ್ದು ಯಾರು ಎಂದು ಗೊತ್ತು. ಹೇಳುವುದಿಲ್ಲ. ಬೀದಿಯವರು ಯಾಕೆ ಕರೆಯುತ್ತಾರೆ ಎಂಬುದು ನಿನಗೇ ಗೊತ್ತಿದೆ. ಸತ್ತವರ ಕೋಣೆ ಖಾಲಿ ಮಾಡಲು ಹೋಗುವವನನ್ನು ಕೋಗಿಲೆ ಎನ್ನುತ್ತಾರೆಯೇ?

ನಾನು ಆರೋಗ್ಯ. ಈಗ ಮನೆಯಲ್ಲಿ ಗಡ್ಡ ಹೆರೆದುಕೊಳ್ಳುವುದನ್ನು ಬಿಟ್ಟು ಮೂಲೆಯ ಕ್ಷೌರದ ಅಂಗಡಿಗೆ ಹೋಗುತ್ತೇನೆ. ನನ್ನ ಜೊತೆ ಸಾಮಾನು ಸಾಗಿಸುವ ಗಾಡಿಯವನು ಗೇಲಿ ಮಾಡುತ್ತಾನೆ: “ಏನಣ್ಣಾ, ಈ ವಯಸ್ಸಲ್ಲಿ ಶೋಕಿ ಜಾಸ್ತಿ ಆಯ್ತಲ್ಲ?” ಆಗಲಿ ಬಿಡು.

ಅಪ್ಪ


ಫೆಬ್ರವರಿ 2

ಅಪ್ಪಾ,

ಸರಿ, ‘ನೀನು’. ಆದರೆ ಮರಿ ಎನ್ನಬೇಡ. ಶಾಲೆಯಲ್ಲಿ ಹುಡುಗಿಯರು ನನ್ನ ಸುತ್ತ ನಿಂತು ‘ಹದ್ದಿನ ಮರಿ’ ಎಂದು ಕುಣಿದದ್ದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ.

ನಿನ್ನ ‘ಹದವಾಗಿ ಹಾರುವುದು’ ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕರು. ದೊಡ್ಡವರೂ ನಕ್ಕರು. ಅವರ ಹಲ್ಲು ನೋಡಿದ್ದು ನಾವೆಲ್ಲ ಅದೇ ಮೊದಲು. ನಿಜವಾದ ಸಂಗತಿ ಇದು: ಹಳೆಯ ಕನ್ನಡದಲ್ಲಿ ಈ ಹಕ್ಕಿ ‘ಪರ್ದು’. ಅದು ಪದ್ದು ಆಗಿ, ಆಮೇಲೆ ಹಾಲು, ಹೂವು, ಹಳ್ಳಿಗಳ ಹಾಗೆ ಪಕಾರ ಬಿಟ್ಟು ಹದ್ದು ಆಯಿತು. ಅದಕ್ಕೂ ಹಿಂದೆ ಏನಿತ್ತೋ ಯಾರಿಗೂ ಖಚಿತವಿಲ್ಲ. ಅರ್ಧ ಪದ ನನ್ನದು, ಅರ್ಧ ಪದ ಹಕಾರದ ಮೇಜಿನವರದು. ಪದಗಳ ಟಿಪ್ಪಣಿ ಬರೆದಿಟ್ಟ ಅವರ ಚೀಟಿ ಪೆಟ್ಟಿಗೆಯನ್ನು ಕೇಳಿ ತರಬೇಕು. ಅವರೋ ಮಕ್ಕಳನ್ನು ಪಕ್ಕದ ಮನೆಗೆ ಕಳಿಸುವವರ ಹಾಗೆ ನೂರು ಎಚ್ಚರಿಕೆ ಹೇಳಿ ಕೊಡುತ್ತಾರೆ.

ಸಂಸ್ಕೃತದಲ್ಲಿ ಇದಕ್ಕೆ ಗೃಧ್ರ. ಆಸೆಬುರುಕ ಎಂದೇ ಅರ್ಥ. ಹೆಸರಿಟ್ಟವರು ಹಕ್ಕಿ ತಿನ್ನುವಾಗ ಮಾತ್ರ ನೋಡಿರಬೇಕು, ಬಿಸಿಲಿಗೆ ನಿಂತಾಗ ನೋಡಿಲ್ಲ. ಇನ್ನು ರಣ ಎಂದರೆ ಯುದ್ಧ, ಅದು ಎಲ್ಲರಿಗೂ ಗೊತ್ತು. ಆದರೆ ತೀರಾ ಹಳೆಯ ಕಾಲದಲ್ಲಿ ಅದೇ ರಣ ಎಂಬ ಮಾತಿಗೆ ಸಂತೋಷ ಎಂಬ ಅರ್ಥವೂ ಇತ್ತಂತೆ. ನಿನ್ನೆ ಮಧ್ಯಾಹ್ನ ಈ ಚೀಟಿ ಕೈಗೆ ಬಂದಾಗ ನಾನು ಎಷ್ಟು ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕೂತೆನೋ. ಚೀಟಿಗಳ ಪೆಟ್ಟಿಗೆಗಳು, ಧೂಳು, ಫ್ಯಾನಿನ ಸದ್ದು ಎಲ್ಲ ದೂರ ಸರಿದವು. ಕಣ್ಣಿಗೆ ಕಟ್ಟಿದ ಹಾಗೆ ಅಮ್ಮನ ಕೋಣೆ ಬಂತು.

ಅಮ್ಮ ಹಾಸಿಗೆ ಹಿಡಿದ ಮೇಲೆ ನೀನು ಕನ್ನಡಿಯನ್ನು ಗೋಡೆಯ ಮೇಲೆ ತಗ್ಗಿನಲ್ಲಿ, ಮೊಳೆ ಹೊಡೆದು ಓರೆಯಾಗಿ ತೂಗುಹಾಕಿದ್ದೆ. ಅದರಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಮಲಗಿದಲ್ಲಿಂದ ನೋಡಿದರೆ ಕಿಟಕಿ, ಕಿಟಕಿಯ ಆಚೆಯ ಟ್ಯಾಂಕು, ಟ್ಯಾಂಕಿನ ಮೇಲಿನ ಹಕ್ಕಿಗಳು. ನಾನು ಹಾಸಿಗೆಯ ಎಡಕ್ಕೆ ಸ್ಟೂಲಿನ ಮೇಲೆ ಕೂತು ಓದುತ್ತಿದ್ದೆ. ಅಮ್ಮ ಕನ್ನಡಿಯಲ್ಲಿ ಹಕ್ಕಿ ನೋಡುತ್ತ, ‘ಒಂದು ಎದ್ದಿತು ನೋಡು’ ಎನ್ನುತ್ತಿದ್ದಳು.

ಈಗ ಕಚೇರಿಯ ಕೆಲಸವಲ್ಲದ ಪ್ರಶ್ನೆ. ಹಿಂದೆಯೂ ಕೇಳಿದ್ದೇನೆ, ಬಾಗಿಲಲ್ಲಿ ನಿಂತು, ಚೀಲ ಇನ್ನೂ ಹೆಗಲಲ್ಲಿದ್ದಾಗಲೇ. ನಾನು ಪರೀಕ್ಷೆ ಮುಗಿಸಿ ಬರುವಷ್ಟರಲ್ಲಿ ಅಮ್ಮ ಹೋಗಿದ್ದಳು. ಅವಳ ಜೊತೆ ಅವಳ ಕೋಣೆಯೂ ಹೋಗಿತ್ತು. ಸುಣ್ಣ ಹೊಡೆದ ಗೋಡೆ ಇತ್ತು, ಮೊಳೆಯ ತೂತಿಗೂ ಮೆತ್ತಿದ್ದೆ. ಊರವರ ಕೋಣೆಗಳನ್ನು ಖಾಲಿ ಮಾಡಿದ ಹಾಗೆ ಅಮ್ಮನ ಕೋಣೆಯನ್ನೂ ಮಾಡಿದೆ. ಅವಳ ಸಾಮಾನು ಎಲ್ಲಿ ಹೋಯಿತು? ಅದನ್ನು ಹೇಳುವ ತನಕ ನಾನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದೆ. ಈಗಲೂ ಅದೇ ಮಾತು.

ಮಗಳು


ಫೆಬ್ರವರಿ 26

ಮರಿ, (ಬಾಯಿಗೆ ಬೇರೆ ಬರುವುದಿಲ್ಲ, ಹೊಟ್ಟೆಗೆ ಹಾಕಿಕೋ)

ಪರ್ದು ಎಂಬ ಮಾತು ಚೆನ್ನಾಗಿದೆ. ಬಾಯಲ್ಲಿ ಹೇಳಿಕೊಂಡರೆ ರೆಕ್ಕೆ ಬಡಿದ ಹಾಗಿದೆ. ಬೆಳಿಗ್ಗೆ ಟ್ಯಾಂಕಿನ ಕಡೆ ನೋಡಿ ಒಂದೆರಡು ಸಲ ಕೂಗಿದೆ. ಒಂದೂ ತಿರುಗಿ ನೋಡಲಿಲ್ಲ.

ಈ ವಾರ ಹೊಸ ಕೆಲಸ. ಹಳೆಯ ಟೈಪಿಂಗ್ ಟೀಚರ್, ನೀನು ನೋಡಿರುತ್ತೀಯ, ನೆಟ್ಟಗೆ ಬೆನ್ನು ನಿಲ್ಲಿಸಿ ನಡೆಯುವವರು. ಒಂಟಿ ಜೀವ. ಎರಡು ವಾರದ ಹಿಂದೆ ಆಸ್ಪತ್ರೆ ಸೇರಿದ್ದರು. ಮನೆ ಮಾಲೀಕ ಬಂದು, “ಅವ್ರು ಹೋಗ್ಬಿಟ್ರು ಕಣಪ್ಪಾ, ಹಿಂದೂ ಇಲ್ಲ ಮುಂದೂ ಇಲ್ಲ, ಕೋಣೆ ಬೇಗ ಖಾಲಿ ಆಗ್ಬೇಕು” ಎಂದ.

ನನ್ನ ಪದ್ಧತಿ ನಿನಗೆ ಗೊತ್ತಲ್ಲ. ಮೊದಲು ಕಿಟಕಿ ತೆಗೆಯುವುದು. ಆಮೇಲೆ ಏನನ್ನೂ ಮುಟ್ಟದೆ ಹೊಸ್ತಿಲ ಪಕ್ಕ ನೆಲದ ಮೇಲೆ ಕೂರುವುದು. ಗಾಡಿಯವನು ಕೆಳಗೆ ಹಾರ್ನ್ ಹೊಡೆಯುತ್ತಿರಲಿ, ನಾನು ಏಳುವುದಿಲ್ಲ. ಕಪ್ಪಿನ ಹಿಡಿ ಯಾವ ಕಡೆಗಿದೆ, ಚಪ್ಪಲಿ ಗೋಡೆಗೆ ಮುಖ ಮಾಡಿದೆಯೋ ಬಾಗಿಲಿಗೋ, ಕುರ್ಚಿಯ ಮೇಲೆ ಯಾವ ಬಣ್ಣದ ಟವೆಲ್ಲು, ಇದೆಲ್ಲ ಬಾಯಿಪಾಠವಾಗುವ ತನಕ ನೋಡುವುದು. ಮುಂದೊಂದು ದಿನ ಯಾರಾದರೂ ಬಂದು ‘ಅದು ಎಲ್ಲಿತ್ತು’ ಎಂದು ಕೇಳಿದರೆ ಹೇಳುವುದಕ್ಕೆ ಬೇಕಲ್ಲ.

ಟೀಚರ್ ಕೋಣೆಯಲ್ಲಿ ಬಿಸಿಲು ನಿಧಾನವಾಗಿ ನೆಲದ ಮೇಲೆ ಸರಿಯುತ್ತಿತ್ತು. ಟೈಪ್‌ರೈಟರಿನ ಮೇಲೆ ಕಸೂತಿ ಹಾಕಿದ ಬಟ್ಟೆ. ಗಿಣಿಹಸಿರು ಪರದೆ. ಗಾಳಿ ಬಂದಾಗ ಪರದೆ ಒಳಗೆ ಬಂದು ಮೇಜನ್ನು ಸವರಿ ಹೋಗುತ್ತಿತ್ತು. ನನಗೆ ಜೊಂಪು ಹತ್ತಿತೋ ಏನೋ, ಎಚ್ಚರವಾದಾಗ ನಾನು ಯಾರ ಮನೆಯಲ್ಲಿದ್ದೇನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ವಯಸ್ಸಾಯಿತು ನೋಡು.

ಎಲ್ಲವನ್ನೂ ಬೇಕಾದವರಿಗೆ ಹಂಚಿದೆ. ಟೈಪ್‌ರೈಟರ್ ಶಾಲೆಗೆ, ಮಂಚ ಹೊಸದಾಗಿ ಮದುವೆಯಾದ ಜೋಡಿಗೆ, ಪರದೆ ದರ್ಜಿಗೆ.

ಚಳಿ ಕಡಿಮೆಯಾಗಿದೆ. ಕಚೇರಿಯಲ್ಲಿ ಧೂಳು ಎನ್ನುತ್ತೀಯ, ಮೂಗಿಗೆ ಬಟ್ಟೆ ಕಟ್ಟಿಕೋ.

ಅಪ್ಪ


ಮಾರ್ಚ್ 4

ಅಪ್ಪಾ,

ಟೀಚರ್ ಅವರ ಪರದೆಯ ಬಣ್ಣ ಬರೆದಿದ್ದೀಯ. ನಾನು ಕೇಳಿದ್ದಕ್ಕೆ ಒಂದು ಸಾಲಿಲ್ಲ.

ಯಾರಾದರೂ ಬಂದು ಕೇಳಿದರೆ ಹೇಳುವುದಕ್ಕೆ ಬೇಕು ಎನ್ನುತ್ತೀಯ. ಇಷ್ಟು ವರ್ಷದಲ್ಲಿ ಯಾರಾದರೂ ಬಂದು ಕೇಳಿದ್ದಾರೆಯೇ? ಕೇಳಿದವಳು ನಾನೊಬ್ಬಳು. ನನಗೆ ಹೇಳಲಿಲ್ಲ.

ರಣಹದ್ದಿನ ಚೀಟಿ ಸಿದ್ಧವಾಗಿದೆ. ಮೊದಲ ಅರ್ಥ, ಸತ್ತ ಪ್ರಾಣಿಗಳನ್ನು ತಿಂದು ಬದುಕುವ, ಕತ್ತು ಬೋಳಾದ ದೊಡ್ಡ ಹಕ್ಕಿ. ಎರಡನೆಯ ಅರ್ಥ, ಇನ್ನೊಬ್ಬರ ಸಾವಿಗೆ ಕಾದು ಕೂತು ಲಾಭ ಮಾಡಿಕೊಳ್ಳುವವನು. ಎರಡನೆಯದಕ್ಕೆ ಆಧಾರ ಬೇಕಾದಷ್ಟು ಸಿಕ್ಕಿತು. ಪತ್ರಿಕೆಗಳಲ್ಲಿದೆ, ಭಾಷಣಗಳಲ್ಲಿದೆ, ಬೈಗುಳಗಳಲ್ಲಿದೆ. ಬರೆಯುವಾಗ ಕೈ ತಡೆಯುತ್ತದೆ ಅಂದುಕೊಂಡಿದ್ದೆ, ತಡೆಯಲಿಲ್ಲ. ದೊಡ್ಡವರು ಚೆನ್ನಾಗಿದೆ ಎಂದರು.

ಇನ್ನು ನಾನು ಬರೆಯುವುದಿಲ್ಲ.

ಮಗಳು


ಏಪ್ರಿಲ್ 17

ಮರಿ,

ಬರೆಯುವುದಿಲ್ಲ ಎಂದಿದ್ದೀಯ, ಓದುವುದಿಲ್ಲ ಎಂದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ಆದದ್ದನ್ನು ಯಾರಿಗಾದರೂ ಹೇಳದಿದ್ದರೆ ತಲೆ ಕೆಟ್ಟು ಹೋಗುತ್ತದೆ.

ಟೈಪಿಂಗ್ ಟೀಚರ್ ಸತ್ತಿಲ್ಲ!

ಹೌದು, ಸರಿಯಾಗಿಯೇ ಓದಿದೆ. ಮನೆ ಮಾಲೀಕ ಆಸ್ಪತ್ರೆಗೆ ಹೋದಾಗ ಅವರ ಹಾಸಿಗೆ ಸುತ್ತಿಟ್ಟಿತ್ತಂತೆ. ಬೇರೆ ವಾರ್ಡಿಗೆ ಸಾಗಿಸಿದ್ದರು. ಈ ಮಹಾನುಭಾವ ಒಂದು ಮಾತು ವಿಚಾರಿಸದೆ, ಖಾಲಿ ಮಂಚ ನೋಡಿ, ಕಣ್ಣೊರೆಸಿಕೊಂಡು ಸೀದಾ ನನ್ನ ಹತ್ತಿರ ಬಂದಿದ್ದ. ಖಾಲಿ ಕೋಣೆ ನೋಡಿಯೇ ಜೀವನ ಮಾಡುವ ನಾನು ಅವನ ಮಾತು ನಂಬಿದೆ. ಮೊನ್ನೆ ಟೀಚರ್ ರಿಕ್ಷಾದಿಂದ ಇಳಿದು, ಮೆಟ್ಟಿಲು ಹತ್ತಿ, ಬೀಗ ತೆಗೆದು ನೋಡುತ್ತಾರೆ, ನಾಲ್ಕು ಗೋಡೆ! ಮಾಲೀಕ ಓಡಿ ಬಂದು ನನ್ನ ಬಾಗಿಲು ಬಡಿದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ನಾನು ಹೋದೆ. ಅವರು ಖಾಲಿ ಕೋಣೆಯ ನಡುವೆ ಔಷಧಿ ಚೀಲ ಹಿಡಿದು ನಿಂತಿದ್ದರು. “ನೀವೇನಾ ಆ ಹದ್ದು?” ಎಂದರು. ಹೌದೆಂದೆ. “ಸ್ವಲ್ಪ ಬೇಗ ಬಂದ್ಬಿಟ್ರಿ” ಎಂದರು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಈಗ ಮನೆ ಮನೆಗೆ ಹೋಗಿ ಕೊಟ್ಟದ್ದನ್ನೆಲ್ಲ ವಾಪಸ್ ಕೇಳುತ್ತಿದ್ದೇನೆ. ಹದ್ದು ವಾಪಸ್ ತಂದು ಇಡುವುದನ್ನು ಈ ಬೀದಿ ನೋಡಿರಲಿಲ್ಲ, ಜನ ಕಿಟಕಿಗಳಿಂದ ಇಣುಕುತ್ತಾರೆ. ಶಾಲೆಯವರು ಟೈಪ್‌ರೈಟರನ್ನು ಹೂವಿನ ಹಾಗೆ ಎತ್ತಿ ಕೊಟ್ಟರು. ಹೊಸ ಜೋಡಿ ಮಂಚ ಕೊಟ್ಟು ನೆಲದ ಮೇಲೆ ಮಲಗಿದೆ. ದರ್ಜಿ ಪರದೆಯಲ್ಲಿ ಯಾರಿಗೋ ಅಂಗಿ ಕತ್ತರಿಸಿ ಬಿಟ್ಟಿದ್ದ, ಪಾಪ, ಅಂಥದ್ದೇ ಬಟ್ಟೆ ಹುಡುಕಿ ರಾತ್ರಿಯೊಳಗೆ ಹೊಲಿದು ಕೊಟ್ಟ.

ಬಾಯಿಪಾಠ ಮಾಡಿದ್ದು ಈಗ ಕೆಲಸಕ್ಕೆ ಬಂತು. ಎಲ್ಲ ಇದ್ದ ಹಾಗೇ ಇಡುತ್ತೇನೆ. ನಾಳೆ ಮೊಳೆ ಹೊಡೆದು ಕನ್ನಡಿ ತೂಗುಹಾಕಿದರೆ ಮುಗಿಯಿತು.

ಅಪ್ಪ


ಮೇ 6

ನಿಘಂಟು ಕಚೇರಿಯ ಮಗಳಿಗೆ,

ನಾನು ಬದುಕಿದ್ದೇನೆ ಎಂದು ಮೊದಲೇ ತಿಳಿಸಿಬಿಡುತ್ತೇನೆ. ಈಚೆಗೆ ಯಾರ ಜೊತೆ ಮಾತಾಡಿದರೂ ಹೀಗೇ ಶುರು ಮಾಡಬೇಕಾಗಿದೆ.

ನಾನು ಟೈಪಿಂಗ್ ಟೀಚರ್. ನಿನ್ನ ತಂದೆ ನನ್ನ ಕುರ್ಚಿಯ ಮೇಲೆ ಕೋಟು ಮರೆತು ಹೋಗಿದ್ದರು. ಜೇಬಿನಲ್ಲಿ ನಿನ್ನ ಲಕೋಟೆ ಇತ್ತು. ಒಳಗಿನದು ಓದಲಿಲ್ಲ, ವಿಳಾಸ ಮಾತ್ರ ಬರೆದುಕೊಂಡೆ. ಟೈಪ್ ಮಾಡಿದ ಕಾಗದ ಎಂದು ಬೇಸರಪಡಬೇಡ. ಕೈಬರಹದಲ್ಲಿ ನಾನು ಸುಳ್ಳು ಹೇಳಿಬಿಡುತ್ತೇನೆ, ಟೈಪಿಂಗಿನಲ್ಲಿ ಆಗುವುದಿಲ್ಲ, ಅಭ್ಯಾಸ.

ಅವರು ನನ್ನ ಕೋಣೆಯನ್ನು ಮತ್ತೆ ಕಟ್ಟಿಕೊಟ್ಟರು. ಕಪ್ಪಿನ ಹಿಡಿ ಕೂಡ ನಾನು ಬಿಟ್ಟು ಹೋದ ದಿಕ್ಕಿಗೇ ಇತ್ತು. ನನ್ನನ್ನು ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ, ನಾನಿಲ್ಲದಾಗ ಒಬ್ಬರು ನೋಡಿದ್ದಾರೆ.

ಆದರೆ ಮಂಚದ ಹತ್ತಿರ ಬಂದಾಗ ಏನೋ ಬೇರೆಯಾಗಿತ್ತು. ನನ್ನ ಮಂಚ ಗೋಡೆಗೆ ಒತ್ತಿಕೊಂಡಿರುತ್ತಿತ್ತು. ಇದು ಕಿಟಕಿಗೆ ಬೆನ್ನು ಹಾಕಿ ನಿಂತಿತ್ತು. ಎಡಗಡೆ ಸ್ಟೂಲು. ನನ್ನ ಸ್ಟೂಲು ಅಡುಗೆ ಮೂಲೆಯಲ್ಲಿರುತ್ತಿತ್ತು. ಕನ್ನಡಿ ಬಾಗಿಲ ಪಕ್ಕ, ನನ್ನ ಮುಖದ ಎತ್ತರಕ್ಕೆ ಇರುತ್ತಿತ್ತು, ಹೊರಡುವ ಮೊದಲು ತುರುಬು ಸರಿಮಾಡಿಕೊಳ್ಳಲು. ಈಗ ಅದು ಮಂಚದ ಎದುರಿನ ಗೋಡೆಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ಓರೆಯಾಗಿ ತೂಗುತ್ತಿತ್ತು.

ನಾನು ಮಂಚದ ಮೇಲೆ ಒರಗಿ ನೋಡಿದೆ. ಅವರಿಗೆ ಹೇಳಿದೆ: “ಈ ಕನ್ನಡೀಲಿ ನನ್ ಮುಖ ಕಾಣ್ಸಲ್ಲ. ಆಕಾಶ ಕಾಣ್ಸುತ್ತೆ. ಇದು ಯಾರ ಕೋಣೆ?”

ಸುತ್ತಿಗೆ ಅವರ ಕೈಯಲ್ಲೇ ಇತ್ತು. ಕನ್ನಡಿಯನ್ನು ನೋಡಿದರು, ಸ್ಟೂಲನ್ನು ನೋಡಿದರು, ಮತ್ತೆ ಕನ್ನಡಿಯನ್ನು ನೋಡಿದರು. ಅವರಿಗೇ ಗೊತ್ತಿರಲಿಲ್ಲ, ಮಗಳೇ. ಕೈ ತನ್ನಷ್ಟಕ್ಕೆ ಮಾಡಿಬಿಟ್ಟಿತ್ತು. “ತಪ್ಪಾಯ್ತು, ತೆಗೀತೀನಿ” ಎಂದು ಮೊಳೆ ಕೀಳಲು ಹೋದರು. ನಾನೇ ಬೇಡ ಎಂದೆ. ಆಮೇಲೆ ಆ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಅತ್ತರು. ನಾನು ಚಹಾ ಮಾಡಿದೆ. ಬೇರೇನು ಮಾಡಲಿ?

ಯಾರ ಕೋಣೆ ಎಂದು ಅವರು ಹೇಳಲಿಲ್ಲ. ನಿನಗೆ ಗೊತ್ತಿರಬಹುದು ಎಂದು ಬರೆದೆ. ಕನ್ನಡಿ ಹಾಗೇ ಇದೆ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಮುಖದ ಬದಲು ಆಕಾಶ ನೋಡುತ್ತೇನೆ. ಈ ವಯಸ್ಸಿಗೆ ಅದೇ ವಾಸಿ.

ಶಾಲೆಗೆ ಹೋಗಿ ಬಂದ ಮೇಲೆ ಟೈಪ್‌ರೈಟರಿನ ಗಂಟೆ ಹೊಡೆಯುತ್ತಿಲ್ಲ. ಸಾಲು ಮುಗಿದದ್ದು ಗೊತ್ತಾಗದೆ ಅಂಚು ದಾಟಿ ಹೋಗುತ್ತಿದ್ದೇನೆ, ಕ್ಷಮಿಸು.

ಟೈಪಿಂಗ್ ಟೀಚರ್


ಮೇ 11

ಅಪ್ಪಾ,

ಟೀಚರ್ ಬರೆದಿದ್ದರು.

ಎಷ್ಟೋ ಸಲ ಓದಿದೆ. ದೊಡ್ಡವರು ಮೇಜಿನ ಹತ್ತಿರ ಬಂದು ನಿಂತದ್ದೂ ತಿಳಿಯಲಿಲ್ಲ. “ಏನಮ್ಮ, ಯಾವ ಪದ?” ಎಂದರು. ರಣಹದ್ದು ಎಂದೆ. ಅವರು ಸುಮ್ಮನೆ ಒಂದು ಹಳೆಯ ಪುಸ್ತಕ ತಂದು ನನ್ನ ಮುಂದೆ ತೆರೆದಿಟ್ಟು ಹೋದರು. ರಣಹದ್ದಿಗೆಂದು ಹುಡುಕಿ ಇಟ್ಟಿದ್ದರಂತೆ. ಸಾವಿರಾರು ವರ್ಷಗಳ ಹಿಂದೆ ಮರಳುಗಾಡಿನ ಒಂದು ನಾಡಿನಲ್ಲಿ ಚಿತ್ರಗಳಲ್ಲೇ ಬರೆಯುತ್ತಿದ್ದರು. ಅವರು ‘ತಾಯಿ’ ಎಂದು ಬರೆಯಬೇಕಾದರೆ ಈ ಹಕ್ಕಿಯ ಚಿತ್ರ ಬಿಡಿಸುತ್ತಿದ್ದರು. ಬಾಗಿದ ಕತ್ತು, ಮಡಿಸಿದ ರೆಕ್ಕೆ. ಅದೇ ಹಕ್ಕಿ.

ನಾನು ಪುಟದ ಮೇಲೆ ಬೆರಳಿಟ್ಟುಕೊಂಡು ಕೂತೆ. ಅದು ಮಧ್ಯಾಹ್ನವೋ ಸಂಜೆಯೋ ಗೊತ್ತಾಗಲಿಲ್ಲ. ಚಿತ್ರದ ಹಕ್ಕಿ ಅಮ್ಮನ ಕನ್ನಡಿಯೊಳಗಿನ ಟ್ಯಾಂಕಿನ ಮೇಲೆ ಬಂದು ಕೂತ ಹಾಗಾಯಿತು. ‘ಒಂದು ಎದ್ದಿತು ನೋಡು’ ಎಂದು ಯಾರೋ ಅಂದರು.

ಅಪ್ಪಾ, ನೀನು ಆ ಕೋಣೆಯನ್ನು ಖಾಲಿ ಮಾಡಿಲ್ಲ. ಖಾಲಿ ಮಾಡಿದೆ ಎಂದು ನಾನು ಇಷ್ಟು ದಿನ ನಂಬಿದ್ದೆ. ಈಗ ಸಿಟ್ಟಿನಿಂದ ಕೇಳುತ್ತಿಲ್ಲ. ಸುಮ್ಮನೆ ಕೇಳುತ್ತಿದ್ದೇನೆ. ಅಮ್ಮನ ಸಾಮಾನು ಎಲ್ಲಿದೆ?

ಮಗಳು


ಮೇ 24

ಮರಿ,

ಆ ಟೀಚರ್ ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲ. ಸತ್ತಾಗಲೇ ಚೆನ್ನಾಗಿತ್ತು. ತಮಾಷೆಗೆ ಹೇಳಿದೆ. ದಿನಾ ಸಂಜೆ ಅವರಲ್ಲಿಗೇ ಚಹಾಕ್ಕೆ ಹೋಗುತ್ತೇನೆ. ಟೈಪ್‌ರೈಟರಿನ ಗಂಟೆ ಸರಿಮಾಡಿಕೊಟ್ಟೆ.

ಕೇಳಿದ್ದಕ್ಕೆ ಈಗ ಹೇಳುತ್ತೇನೆ. ಇದನ್ನು ಬರೆಯಲು ಮೂರು ಸಲ ಕೂತು ಎದ್ದಿದ್ದೇನೆ.

ನಿನ್ನ ಪರೀಕ್ಷೆಗೆ ನೀನು ಹೊರಟ ದಿನ ಅವಳು ನನ್ನನ್ನು ಹತ್ತಿರ ಕರೆದಳು. “ಇನ್ನು ಹೆಚ್ಚು ದಿನ ಇಲ್ಲ. ಈ ಕೋಣೇನ ಬೇರೆಯವ್ರ ಕೈಲಿ ಮುಟ್ಟಿಸ್ಬೇಡ. ನೀನೇ ಮಾಡು. ಮಗಳು ಬರೋದ್ರೊಳಗೆ ಮಾಡು. ಈ ಹಾಸಿಗೆ, ಈ ಔಷಧಿ ವಾಸನೆ, ಇದೇ ಅವಳ ಕಣ್ಣಲ್ಲಿ ಉಳಿಯೋದು ಬೇಡ” ಎಂದಳು. ಅವಳು ಹೇಳಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ತಿಳಿಯದು. ಅವಳ ಕೋಣೆ ಖಾಲಿ ಮಾಡಿದ ದಿನ ನಾನು ಹೊಸ್ತಿಲ ಪಕ್ಕ ಕೂರಲೂ ಇಲ್ಲ. ಬಾಯಿಪಾಠ ಮಾಡುವುದು ಏನಿತ್ತು?

ನೀನು ಬಾಗಿಲಲ್ಲಿ ನಿಂತು ಕೇಳಿದಾಗ ಅವಳ ಮಾತು ಎಂದು ಹೇಳಬಹುದಿತ್ತು. ಹೇಳಿದ್ದರೆ ನಿನ್ನ ಸಿಟ್ಟು ಅವಳ ಕಡೆಗೆ ತಿರುಗುತ್ತಿತ್ತು. ನನ್ನ ಮೇಲಿದ್ದರೆ ನಾನು ತಡೆದುಕೊಳ್ಳುತ್ತೇನೆ. ಹೆಸರೇ ಅದಕ್ಕೆ ತಕ್ಕ ಹಾಗಿದೆ.

ಸಾಮಾನು ಎಲ್ಲೂ ಹೋಗಿಲ್ಲ, ಬೀದಿಯಲ್ಲೇ ಇದೆ. ಸ್ಟೂಲು ದರ್ಜಿಯ ಅಂಗಡಿಯಲ್ಲಿದೆ. ನನ್ನ ಕೋಟಿನ ಗುಂಡಿ ಯಾಕೆ ಪದೇ ಪದೇ ಕಿತ್ತು ಬರುತ್ತದೆ ಎಂದು ಅವನು ತಲೆ ಕೆರೆದುಕೊಳ್ಳುತ್ತಾನೆ. ಹೊದಿಕೆ ಗಾಡಿಯವನ ತಾಯಿಯ ಕಾಲ ಮೇಲಿದೆ. ನೀಲಿ ಹೂಜಿ ಅಂಚೆ ಕಚೇರಿಯಲ್ಲಿ, ನೀರು ಕುಡಿಯುವ ನೆಪದಲ್ಲಿ ಹೋಗಿ ಬರುತ್ತೇನೆ. ಕನ್ನಡಿ ಮೂಲೆಯ ಕ್ಷೌರದ ಅಂಗಡಿಯ ಎರಡನೆಯ ಕುರ್ಚಿಯ ಎದುರಿಗಿದೆ. ಮೊದಲನೆಯ ಕುರ್ಚಿ ಖಾಲಿ ಇದ್ದರೂ ನಾನು ಕಾಯುತ್ತೇನೆ. ಅಂಗಡಿಯವನು ಏನಾದರೂ ಅಂದುಕೊಳ್ಳಲಿ. ಅವನು ಅದನ್ನು ನೆಟ್ಟಗೆ ಹಾಕಿದ್ದಾನೆ, ಆದ್ದರಿಂದ ನನ್ನ ಮುಖವನ್ನೇ ನೋಡಬೇಕು. ಆದರೂ ಹೋಗುತ್ತೇನೆ.

ಇನ್ನು ನಿನ್ನ ಮೊದಲ ಕಾಗದದ ಪ್ರಶ್ನೆ. ನಾನಾಗ ಮದುವೆಯಾಗದ ಹುಡುಗ, ಸಾಮಾನು ಹೊರುವ ಕೂಲಿ. ಸತ್ತವರ ಕೋಣೆಗಳ ಕೆಲಸ ಇನ್ನೂ ಹಿಡಿದಿರಲಿಲ್ಲ. ಒಂದು ಬೆಳಿಗ್ಗೆ ಮಳೆಯಲ್ಲಿ ನೆನೆದು ಬಂದು, ಇದ್ದ ಒಂದೇ ಕೋಟನ್ನು ಮೈಮೇಲೇ ಒಣಗಿಸಲೆಂದು ತಾರಸಿಯಲ್ಲಿ ಬಿಸಿಲಿಗೆ ಎರಡೂ ತೋಳು ಚಾಚಿ ನಿಂತಿದ್ದೆ. ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಹುಡುಗಿ ಟ್ಯಾಂಕಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, “ಅಲ್ಲಿಂದ ಒಂದು ತಪ್ಪಿಸ್ಕೊಂಡು ಇಲ್ಲಿ ಬಂದಿದೆ” ಎಂದು ನಕ್ಕಳು. ಮದುವೆಯಾದ ಮೇಲೂ ಕಿಟಕಿಯಿಂದ ಬಗ್ಗಿ, “ಏ ಹದ್ದೇ, ಊಟಕ್ಕೆ ಬಾರೋ” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಬೀದಿ ಹೆಸರನ್ನು ಅವಳಿಂದ ಎತ್ತಿಕೊಂಡಿತು. ಅರ್ಥವನ್ನು ಆಮೇಲೆ ತಾನೇ ಹಚ್ಚಿತು.

ನೀನು ಶಾಲೆಯಿಂದ ಅಳುತ್ತ ಬಂದ ದಿನದಿಂದ ಅವಳು ಆ ಹೆಸರು ಬಾಯಿಗೆ ತರಲಿಲ್ಲ. ಕೊನೆಯ ದಿನ ಮಾತ್ರ, ಕನ್ನಡಿ ನೋಡುತ್ತ ಒಮ್ಮೆ ಕರೆದಳು. ನಾನು ಸ್ಟೂಲಿನ ಮೇಲಿದ್ದೆ. ಹಕ್ಕಿಯನ್ನು ಕರೆದಳೋ ನನ್ನನ್ನೋ ಗೊತ್ತಿಲ್ಲ, ನಾನು ಓ ಎಂದೆ.

ಅಪ್ಪ


ಜೂನ್ 3

ಅಪ್ಪಾ,

ಅಚ್ಚಿಗೆ ಹೋಗುವ ಮುನ್ನ ರಣಹದ್ದಿನ ಚೀಟಿಯನ್ನು ವಾಪಸ್ ತೆಗೆಸಿದೆ. ಮೂರನೆಯ ಅರ್ಥ ಸೇರಿಸಿದೆ. ‘ಪ್ರೀತಿಯಿಂದ ಕರೆಯುವ ಹೆಸರು. ಮನೆಯವರು ಬಳಸುವುದು.’

ದೊಡ್ಡವರು ಕನ್ನಡಕ ಮೇಲೆ ಸರಿಸಿ ಓದಿದರು. ಕೆಂಪು ಪೆನ್ನು ತೆಗೆದರು, ಹೊಡೆಯಲಿಲ್ಲ, ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದರು. “ಆಧಾರ ಎಲ್ಲಮ್ಮ? ಹಾಗೆ ಕರೆದವರು ಈಗಿಲ್ಲ ಅಂತೀಯ. ಬದುಕಿರೋರು ಒಬ್ರಾದ್ರೂ ಹಾಗೆ ಕರೀಬೇಕು. ಕರೆದಿದ್ದನ್ನ ಬರೆದು ತಂದ್ಕೊಡು, ಸೇರಿಸ್ತೀನಿ” ಎಂದರು. ನ್ಯಾಯವಾದ ಮಾತು.

ಆಧಾರ ತರಲು ರಜೆ ಹಾಕಿದ್ದೇನೆ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಟ್ಯಾಂಕಿನ ಮೇಲೆ ಬಿಸಿಲು ಬೀಳುವ ಹೊತ್ತಿಗೆ. ಮೊದಲು ಕ್ಷೌರದ ಅಂಗಡಿಗೆ ಹೋಗೋಣ. ನೀನು ಎರಡನೆಯ ಕುರ್ಚಿಯಲ್ಲಿ ಕೂರು, ನಾನು ಹಿಂದೆ ನಿಲ್ಲುತ್ತೇನೆ. ಅಮ್ಮನ ಕನ್ನಡಿಯಲ್ಲಿ ನಮ್ಮಿಬ್ಬರ ಮುಖ ಒಟ್ಟಿಗೆ ಒಂದು ಸಲವೂ ಕಂಡಿಲ್ಲ.

ನಾನು ಬರುವ ಮೊದಲೇ ಗಡ್ಡ ತೆಗೆಸಿಕೊಂಡು ಬಿಡಬೇಡ. ಬಸ್ಸು ತಡವಾದರೂ ಕಾಯುತ್ತಿರು. ಕಾಯುವುದು ನಿನಗೇನು ಹೊಸತೇ, ಹದ್ದೇ?

ನಿನ್ನ ಮರಿ